ಗುಲಾಬಿಗೆ ಹತ್ತಲು ಬರುವುದಿಲ್ಲ

ಬಳ್ಳಿಗುಲಾಬಿ ಎಂದು ನಾವು ಕರೆಯುವ ಗಿಡ ನಿಜವಾಗಿ ಬಳ್ಳಿಯಲ್ಲ. ಅವರೆ ಕೋಲನ್ನು ಸುತ್ತಿಕೊಂಡು ಮೇಲೇರುತ್ತದೆ. ಹೀರೆ, ಹಾಗಲಗಳು ಸುರುಳಿ ತಂತುಗಳಿಂದ ಹಂದರ ಹಿಡಿಯುತ್ತವೆ. ಎಲೆಬಳ್ಳಿ ಗೆಣ್ಣುಗಳಲ್ಲಿ ಬೇರು ಬಿಟ್ಟು ಆಸರೆಯ ಮರಕ್ಕೆ ಕಚ್ಚಿಕೊಳ್ಳುತ್ತದೆ. ಗುಲಾಬಿಗೆ ಸುತ್ತಲು ಬಾರದು, ತಂತು ಇಲ್ಲ, ಅಂಟುವ ಬೇರೂ ಇಲ್ಲ. ಅದು ಉದ್ದುದ್ದ ಕೊಂಬೆಗಳನ್ನು ಸುಮ್ಮನೆ ಗಾಳಿಗೆ ಚಾಚುತ್ತದೆ. ಪಕ್ಕದ ಪೊದೆಯ ಮೇಲೆ ಕೊಂಬೆ ಒರಗಿದರೆ, ಕೆಳಮುಖವಾಗಿ ಬಾಗಿದ ಮುಳ್ಳುಗಳು ಅಲ್ಲಿ ಸಿಕ್ಕಿಕೊಂಡು ಅದು ಜಾರದಂತೆ ತಡೆಯುತ್ತವೆ. ಅದರ ಪಾಲಿಗೆ ಹತ್ತುವುದೆಂದರೆ ಇಷ್ಟೇ. ಪಶ್ಚಿಮ ಘಟ್ಟದ ಕಾಡಿನಲ್ಲಿ ಬೆತ್ತ ಮರದ ನೆತ್ತಿ ಮುಟ್ಟುವುದೂ ಇದೇ ಕೊಕ್ಕೆಯ ವಿದ್ಯೆಯಿಂದ.

ಚಾರ್ಲ್ಸ್ ಡಾರ್ವಿನ್‌ಗೆ ಈ ವಿಷಯದಲ್ಲಿ ತುಂಬ ಕುತೂಹಲವಿತ್ತು. ಹತ್ತುವ ಸಸ್ಯಗಳ ಚಲನೆಯ ಬಗ್ಗೆ ಆತ 1865ರಲ್ಲಿ ದೀರ್ಘ ಪ್ರಬಂಧ ಬರೆದು, 1875ರಲ್ಲಿ ಅದನ್ನು ಪುಸ್ತಕವಾಗಿ ಹೊರತಂದ. ಸುತ್ತುವವು, ಎಲೆಯಿಂದಲೋ ತಂತುವಿನಿಂದಲೋ ಹಿಡಿಯುವವು, ಕೊಕ್ಕೆ ಹಾಕುವವು, ಬೇರಿನಿಂದ ಅಂಟುವವು ಎಂದು ವಿಂಗಡಿಸಿದಾಗ ಗುಲಾಬಿ ಬಂದದ್ದು ಕೊಕ್ಕೆಯವರ ಗುಂಪಿಗೆ. ಜಾಲರಿ ಹೊದಿಸಿದ ಎತ್ತರದ ಮನೆಗೋಡೆಯನ್ನು ಕೆಲವು ಗುಲಾಬಿಗಳು ಏರಿಬಿಡುತ್ತವೆ, ಅದು ಹೇಗೆಂದು ತನಗೆ ತಿಳಿಯದು ಎಂದು ಆತ ಬರೆದಿದ್ದಾನೆ. ಕುಂಡದಲ್ಲಿಟ್ಟ ಗುಲಾಬಿಯ ಎಳೆಕುಡಿಗಳನ್ನು ಕಿಟಕಿಯ ಬಳಿ ಇಟ್ಟು ನೋಡಿದಾಗ, ಸಾಮಾನ್ಯ ಗಿಡಗಳ ಹಾಗೆ ಅವು ಹಗಲು ಬೆಳಕಿನ ಕಡೆ ಬಾಗಿದವೇ ಹೊರತು ಆಸರೆ ಹುಡುಕುತ್ತ ಸುತ್ತಲಿಲ್ಲ.

ಗುಲಾಬಿ ಆಸರೆಯನ್ನು ಹುಡುಕುವುದಿಲ್ಲ, ಬೆಳಕನ್ನು ಹುಡುಕುತ್ತದೆ. ಮನೆಯಂಗಳದಲ್ಲಿ ಅದು ತರುವ ತೊಂದರೆಗಳ ಮೂಲ ಇದೇ.

ಕಲ್ಲೋಳಿಯ ಓಣಿಗಳಲ್ಲಿ ನಡೆದವರಿಗೆ ಈ ತೊಂದರೆ ಹೊಸದಲ್ಲ. ಮೊದಲು ಗೋಕಾಕಕ್ಕೆ, ಈಗ ಮೂಡಲಗಿ ತಾಲೂಕಿಗೆ ಸೇರಿದ ಈ ಊರಿನ ಸುತ್ತ ಘಟಪ್ರಭೆಯ ನೀರಿನಲ್ಲಿ ಕಬ್ಬು ಬೆಳೆಯುತ್ತದೆ. ಊರೊಳಗೆ ಮಣ್ಣಿನ ಮಾಳಿಗೆಗಳ ಜಾಗದಲ್ಲಿ ಆರ್‌ಸಿಸಿ ಮನೆಗಳು ಎದ್ದಿವೆ. ಇಂಥ ಮನೆಗೆ ಹೊರಗಿನಿಂದ ಮಾಳಿಗೆಗೆ ಹೋಗುವ ಮೆಟ್ಟಿಲು, ಮೆಟ್ಟಿಲಿಗೆ ಕಬ್ಬಿಣದ ಸರಳಿನದೋ ಸ್ಟೀಲ್ ಪೈಪಿನದೋ ರೇಲಿಂಗ್, ಅದರ ಬುಡದ ಅಂಗೈಯಗಲ ಮಣ್ಣಿನಲ್ಲಿ ಒಂದು ಗುಲಾಬಿ. ಮೊದಲ ವರ್ಷ ಎಲ್ಲರಿಗೂ ಖುಷಿ. ಎರಡನೆಯ ಮಳೆಗಾಲ ಮುಗಿಯುವಷ್ಟರಲ್ಲಿ ಸೀರೆಯ ಸೆರಗು ಹರಿಯುತ್ತದೆ, ಶಾಲೆಗೆ ಹೊರಟ ಹುಡುಗನ ತೋಳು ಗೀರುತ್ತದೆ, ಅಜ್ಜಿ ಪೈಪು ಹಿಡಿಯುವುದನ್ನೇ ಬಿಟ್ಟು ಗೋಡೆ ಹಿಡಿದು ಇಳಿಯುತ್ತಾಳೆ. ಆಮೇಲೆ ಯಾರೋ ಒಬ್ಬರು ಕುಡಗೋಲು ತಂದು ಗಿಡವನ್ನು ಬುಡಕ್ಕೇ ಕಡಿಯುತ್ತಾರೆ. ಗಿಡ ಹೇಗೆ ಬೆಳೆಯುತ್ತದೆ ಎಂದು ತಿಳಿದಿದ್ದರೆ ಹರಿಯುವುದೂ ಇರಲಿಲ್ಲ, ಕಡಿಯುವುದೂ ಇರಲಿಲ್ಲ.

ಮುಳ್ಳಿನಿಂದಲೇ ಶುರು ಮಾಡೋಣ. ನಮ್ಮ ಹೊಲದ ಬದುವಿನಲ್ಲಿ ಮೂರು ಬಗೆಯ ಮುಳ್ಳುಗಳಿವೆ. ನಿಂಬೆಯ ಮುಳ್ಳು ಒಂದು ರೆಂಬೆ. ಎಲೆಯ ಕಂಕುಳಲ್ಲಿ ಟಿಸಿಲಾಗಬೇಕಿದ್ದದ್ದು ಮೊನಚಾಗಿ ಗಟ್ಟಿಯಾಗಿರುತ್ತದೆ. ಗೇಟಿನ ಮೇಲೆ ಹಬ್ಬಿಸುವ ಕಾಗದದ ಹೂವಿನ ಮುಳ್ಳೂ ಹಾಗೆಯೇ. ಜಾಲಿ ಮತ್ತು ಬಾರಿಕಂಟಿಯ ಮುಳ್ಳುಗಳು ಎಲೆಯ ಬುಡದ ಜೋಡಿ ಎಲೆಚೂರುಗಳು ಮಾರ್ಪಟ್ಟು ಆದವು. ಗುಲಾಬಿಯದು ಎರಡೂ ಅಲ್ಲ. ಅದು ಕಾಂಡದ ಹೊರಪದರದ ಉಬ್ಬು. ಒಳಗೆ ನೀರಿನ ನಾಳವಿಲ್ಲ, ಕಟ್ಟಿಗೆಯ ತಿರುಳಿಲ್ಲ, ಮೊಗ್ಗಿಲ್ಲ. ಹೆಬ್ಬೆರಳಿನಿಂದ ಪಕ್ಕಕ್ಕೆ ಒತ್ತಿದರೆ ಟಪ್ಪನೆ ಕಳಚಿ, ಮೊಟ್ಟೆಯಾಕಾರದ ಕಲೆಯೊಂದು ಉಳಿಯುತ್ತದೆ. ಕಳಚಿದ ಜಾಗದಲ್ಲಿ ಮತ್ತೆ ಮುಳ್ಳು ಹುಟ್ಟುವುದಿಲ್ಲ. ನಿಂಬೆಯ ಮುಳ್ಳನ್ನು ಹೀಗೆ ಕೀಳಲು ಹೋದರೆ ಬೆರಳಿಗೇ ಪೆಟ್ಟು.

ಈ ಹೊರಪದರದ ಮುಳ್ಳು ಸಸ್ಯಲೋಕದಲ್ಲಿ ಒಂದೇ ಸಲ ಹುಟ್ಟಿದ್ದಲ್ಲ. ಗುಲಾಬಿಗೆ ಬೇರೆ, ಬದನೆಗೆ ಬೇರೆ, ಇನ್ನೆಷ್ಟೋ ಕುಲಗಳಿಗೆ ಬೇರೆ ಬೇರೆಯಾಗಿಯೇ ಬಂದಿದೆ. ಹಾಗಿದ್ದೂ ಅದನ್ನು ಮೂಡಿಸುವ ಕೀಲಿ ಮಾತ್ರ ಒಂದೇ ಎಂದು 2024ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯದ ಜಾಕರಿ ಲಿಪ್‌ಮನ್ ಮತ್ತು ಸಂಗಡಿಗರು ಬದನೆಯ ಜಾತಿಗಳಿಂದ ಹುಡುಕಾಟ ಆರಂಭಿಸಿ, ಎಲ್‌ಒಜಿ ಎಂಬ ಗುಂಪಿನ ಜೀನ್‌ಗಳನ್ನು ತಲುಪಿದರು. ಸೈಟೊಕೈನಿನ್ ಎಂಬ ಬೆಳವಣಿಗೆಯ ಹಾರ್ಮೋನನ್ನು ಸಕ್ರಿಯಗೊಳಿಸುವ ಜೀನ್‌ಗಳು ಇವು. ಗುಲಾಬಿಯಲ್ಲಿ ಇಂಥ ಜೀನಿನ ಬಾಯಿ ಮುಚ್ಚಿಸಿದಾಗ ಮುಳ್ಳು ಕುಗ್ಗಿತು. ನಮ್ಮ ಎಣ್ಣೆಗಾಯಿಯ ಮುಳ್ಳುಗಾಯಿಯ ತೊಟ್ಟಿನಲ್ಲಿ ಬೆರಳಿಗೆ ಚುಚ್ಚುವುದೂ, ಮೆಟ್ಟಿಲ ಬಳಿ ಸೆರಗು ಹಿಡಿಯುವುದೂ ಒಂದೇ ಮನೆತನದ ಜೀನಿನ ಕೆಲಸ.

ಮುಳ್ಳಿನ ಆಕಾರ ಗೊತ್ತಿದ್ದರೆ ಬಟ್ಟೆ ಹರಿಯದಂತೆ ಬಿಡಿಸಿಕೊಳ್ಳಬಹುದು. ಗುಲಾಬಿಯ ಮುಳ್ಳು ಕೊಂಬೆಯ ಬುಡದ ಕಡೆಗೆ ಮೂತಿ ಮಾಡಿರುತ್ತದೆ. ಕೊಂಬೆಯ ತುದಿಯಿಂದ ಬುಡದ ಕಡೆಗೆ ಬಟ್ಟೆ ಸರಿದರೆ ಮುಳ್ಳಿನ ಬೆನ್ನಿನ ಮೇಲೆ ಜಾರಿ ಹೋಗುತ್ತದೆ. ಬುಡದಿಂದ ತುದಿಯ ಕಡೆಗೆ ಸರಿದರೆ ಕೊಕ್ಕೆಗೆ ಬೀಳುತ್ತದೆ. ಸಿಕ್ಕಿಕೊಂಡವರು ಗಾಬರಿಯಿಂದ ಮುಂದೆ ಎಳೆಯುತ್ತಾರೆ, ಮುಳ್ಳು ಇನ್ನೂ ಆಳಕ್ಕಿಳಿಯುತ್ತದೆ. ನಿಂತು, ಕೊಂಬೆಯ ಬುಡ ಯಾವ ಕಡೆಗಿದೆ ನೋಡಿ, ಆ ಕಡೆಗೆ ಬಟ್ಟೆ ಸರಿಸಿದರೆ ತಾನಾಗಿ ಬಿಡುತ್ತದೆ. ಮಕ್ಕಳಿಗೆ ಇದನ್ನು ಒಮ್ಮೆ ಕೈಹಿಡಿದು ತೋರಿಸಿಕೊಡಬೇಕು.

ನಯವಾದ ಸ್ಟೀಲ್ ಪೈಪಿನ ಮೇಲೆ ಈ ಕೊಕ್ಕೆಗೆ ಹಿಡಿತವೇ ಸಿಗದು. ಪೊದೆಯ ಮೇಲೆ ಒರಗಲು ಹುಟ್ಟಿದ ಕೊಂಬೆ ಪೈಪಿನ ಮೇಲಿಂದ ಜಾರುತ್ತದೆ. ಎಲ್ಲಿಗೆ ಜಾರುತ್ತದೆ? ಬೆಳಕು ಇರುವ ಕಡೆಗೆ. ಕುಡಿಯ ತುದಿಯಲ್ಲಿ ತಯಾರಾಗುವ ಆಕ್ಸಿನ್ ಎಂಬ ಹಾರ್ಮೋನು ನೆರಳಿನ ಬದಿಗೆ ಹೆಚ್ಚು ಹರಿದು, ಆ ಬದಿಯ ಜೀವಕೋಶಗಳು ಹೆಚ್ಚು ಉದ್ದವಾಗುತ್ತವೆ, ಕುಡಿ ಬೆಳಕಿಗೆ ಬಾಗುತ್ತದೆ. ಮೆಟ್ಟಿಲಿನ ಒಂದು ಬದಿಗೆ ಗೋಡೆಯಿದ್ದು ಗುಲಾಬಿ ಆ ಗೋಡೆಗೆ ಒರಗಿದ್ದರೆ, ಬೆಳಕು ಬರುವುದು ನಾವು ನಡೆಯುವ ದಾರಿಯಿಂದಲೇ. ಹಾಗಾಗಿ ಅದರ ಪ್ರತಿ ಹೊಸ ಕುಡಿಯೂ ದಾರಿಗೇ ಬರುತ್ತದೆ. ಎಷ್ಟು ಕತ್ತರಿಸಿದರೂ ಮರುತಿಂಗಳು ಅಲ್ಲಿಗೇ ಬರುತ್ತದೆ. ಅದೇ ಗಿಡವನ್ನು ರೇಲಿಂಗಿನ ಹೊರಮೈಗೆ, ಬಯಲಿನ ಕಡೆಗೆ ಕಟ್ಟಿದರೆ ಬೆಳಕು ಹೊರಗಿರುತ್ತದೆ, ಕುಡಿಗಳೂ ಹೊರಗೆ ವಾಲುತ್ತವೆ. ಮೊದಲ ನಿರ್ಧಾರ ಇದೇ ಆಗಬೇಕು: ಗಿಡ ಮತ್ತು ಸೂರ್ಯನ ನಡುವೆ ಮನುಷ್ಯ ನಡೆಯುವ ಜಾಗ ಇರಕೂಡದು.

ಎರಡನೆಯದು ಕೊಂಬೆಯನ್ನು ಮಲಗಿಸುವುದು. ಈ ಬರಹದಲ್ಲಿ ಒಂದೇ ಮಾತು ನೆನಪಿಡುವುದಿದ್ದರೆ ಇದನ್ನು ನೆನಪಿಡಿ.

ನೆಟ್ಟಗೆ ನಿಂತ ಕೊಂಬೆಯಲ್ಲಿ ತುದಿಯ ಮೊಗ್ಗಿನದೇ ಯಜಮಾನಿಕೆ. ಅಲ್ಲಿಂದ ಇಳಿಯುವ ಆಕ್ಸಿನ್ ಕೆಳಗಿನ ಗೆಣ್ಣುಗಳ ಮೊಗ್ಗುಗಳನ್ನು ಮಲಗಿಸಿಡುತ್ತದೆ ಎಂದು 1930ರ ದಶಕದಲ್ಲೇ ಥೀಮನ್ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು ತೋರಿಸಿದ್ದರು. ವೇಗವಾಗಿ ಬೆಳೆಯುವ ತುದಿ ಸಕ್ಕರೆಯನ್ನೆಲ್ಲ ತನ್ನತ್ತ ಸೆಳೆದುಕೊಳ್ಳುವುದರಿಂದಲೂ ಕೆಳಗಿನವು ಉಪವಾಸ ಬೀಳುತ್ತವೆ ಎಂಬುದು ಇತ್ತೀಚಿನ ತಿಳಿವಳಿಕೆ. ಪರಿಣಾಮ ಒಂದೇ: ಆಳೆತ್ತರದ ಬೋಳು ಕೊಂಬೆ, ತುದಿಯಲ್ಲಿ ಎಲ್ಲೋ ನಾಲ್ಕು ಹೂ, ಕೈಗೆ ಸಿಗುವ ಎತ್ತರದಲ್ಲಿ ಬರೀ ಮುಳ್ಳು. ಅದೇ ಕೊಂಬೆಯನ್ನು ಬಾಗಿಸಿ ನೆಲಕ್ಕೆ ಸಮಾಂತರವಾಗಿ ಕಟ್ಟಿದರೆ ತುದಿಯ ಯಜಮಾನಿಕೆ ಸಡಿಲಾಗುತ್ತದೆ. ಉದ್ದಕ್ಕೂ ಗೆಣ್ಣು ಗೆಣ್ಣಿಗೂ ಮೊಗ್ಗು ಒಡೆಯುತ್ತದೆ, ಗಿಡ್ಡ ಗಿಡ್ಡ ಕುಡಿಗಳು ಬರುತ್ತವೆ, ಪ್ರತಿ ಕುಡಿಯ ತುದಿಗೂ ಹೂ. ದಾರಿಗೆ ಚಾಚುವ ಉದ್ದನೆಯ ಕೊಂಬೆ ಇಲ್ಲವಾಗುವುದೂ, ಹೂ ಹೆಚ್ಚುವುದೂ ಒಂದೇ ಕೆಲಸದಿಂದ. ಸುರಕ್ಷತೆಗಾಗಿ ಹೂ ಕಳೆದುಕೊಳ್ಳಬೇಕಿಲ್ಲ, ಹೂವಿಗಾಗಿ ಗಾಯ ಸಹಿಸಬೇಕಿಲ್ಲ.

ಬಾಗಿಸಲು ಕಾಲ ನೋಡಬೇಕು. ಹಸಿರಾಗಿರುವ ಎಳೆಯ ಕೊಂಬೆ ಬಾಗುತ್ತದೆ. ಲಿಗ್ನಿನ್ ತುಂಬಿ ಗಟ್ಟಿಯಾದದ್ದು ಮುರಿಯುತ್ತದೆ. ಬೆಳಗ್ಗೆ ಜೀವಕೋಶಗಳಲ್ಲಿ ನೀರು ಬಿಗಿಯಾಗಿ ತುಂಬಿರುವುದರಿಂದ ಕೊಂಬೆ ಪಟ್ಟನೆ ಮುರಿಯಬಹುದು. ಬಿಸಿಲು ಬಿದ್ದ ಮೇಲೆ, ಮಧ್ಯಾಹ್ನದ ಹೊತ್ತಿಗೆ ಸ್ವಲ್ಪ ಸಡಿಲವಾಗಿರುತ್ತದೆ. ಒಂದೇ ಸಲಕ್ಕೆ ಪೂರ್ತಿ ಮಲಗಿಸಲು ಹೋಗದೆ, ಇವತ್ತು ಅರ್ಧ, ಮುಂದಿನ ವಾರ ಉಳಿದದ್ದು ಎಂದು ಇಳಿಸಬೇಕು. ಕಟ್ಟಲು ಸುತಳಿ ಅಥವಾ ಹಳೆಯ ಹತ್ತಿ ಬಟ್ಟೆಯ ಪಟ್ಟಿ ಸಾಕು. ಪೈಪಿಗೂ ಕೊಂಬೆಗೂ ನಡುವೆ ಒಮ್ಮೆ ಹೊಸೆದು, ಎಂಟರ ಅಂಕಿಯಂತೆ ಸಡಿಲವಾಗಿ ಕಟ್ಟಿ. ತಂತಿ ಬೇಡ. ಗುಲಾಬಿಯ ಕೊಂಬೆ ವರ್ಷ ವರ್ಷ ದಪ್ಪವಾಗುತ್ತದೆ. ಎಲೆಯಲ್ಲಿ ತಯಾರಾದ ಸಕ್ಕರೆ ಬೇರಿಗಿಳಿಯುವುದು ತೊಗಟೆಯ ಒಳಪದರದ ಮೂಲಕ, ತಂತಿ ಆ ದಾರಿಯನ್ನೇ ಕತ್ತರಿಸುತ್ತದೆ. ಇದೇ ಕಾರಣಕ್ಕೆ ಕೊಂಬೆಯನ್ನು ಸರಳುಗಳ ಸಂದಿಯಲ್ಲಿ ಹೆಣೆಯಲೂಬಾರದು. ಹೆಣೆದಾಗ ಚೆಂದ ಕಾಣುತ್ತದೆ, ಮೂರು ವರ್ಷಕ್ಕೆ ಒಳಗೆ ಸಿಕ್ಕಿಬಿದ್ದ ದಪ್ಪ ಕೊಂಬೆಯನ್ನು ತುಂಡು ತುಂಡು ಮಾಡಿಯೇ ತೆಗೆಯಬೇಕು, ಸರಳಿಗೆ ಬಣ್ಣ ಹಚ್ಚಲೂ ಆಗದು.

ಕೈ ಹಿಡಿಯುವ ಮೇಲಿನ ಪೈಪಿಗೆ ಗಿಡ ಮುಟ್ಟಬಾರದು. ರೇಲಿಂಗ್ ಇರುವುದು ಮುಪ್ಪಿನವರ ಕೈಗಾಗಿ, ಕತ್ತಲಲ್ಲಿ ಇಳಿಯುವವರಿಗಾಗಿ, ಕಣ್ಣು ಕಾಣದವರಿಗಾಗಿ. ಅದಕ್ಕಿಂತ ಒಂದಡಿ ಕೆಳಗೆ, ಹೊರಮೈಯಲ್ಲಿ, ಅಡ್ಡ ತಂತಿಯೊಂದನ್ನು ಬಿಗಿದು ಕೊಂಬೆಗಳನ್ನು ಅದರ ಗುಂಟ ಓಡಿಸಿದರೆ ಪೈಪು ಖಾಲಿ ಉಳಿಯುತ್ತದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಕರಿ ಬಣ್ಣದ ಕಬ್ಬಿಣ ಕಾದು ಎಳೆ ತೊಗಟೆಯನ್ನು ಸುಡುತ್ತದೆ, ಅದಕ್ಕೂ ಈ ಅಂತರ ಒಳ್ಳೆಯದು. ಗೋಡೆಯಾದರೆ ನಾಲ್ಕು ಬೆರಳು ಬಿಟ್ಟು ತಂತಿ ಕಟ್ಟಬೇಕು. ಗಾಳಿ ಆಡದ ಕಡೆ ಬೂದಿರೋಗ ಬರುತ್ತದೆ, ಕಾದ ಒಣಗೋಡೆಯ ಮಗ್ಗುಲಲ್ಲಿ ಕೆಂಪು ನುಸಿ ಹೆಚ್ಚುತ್ತದೆ.

ದಾರಿ ಎಷ್ಟು ಖಾಲಿ ಇರಬೇಕು ಎಂಬುದಕ್ಕೆ ಅಳತೆಯಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲಿ ಪಾದಚಾರಿಗಳಿಗಾಗಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಕಾಲುದಾರಿ ಕನಿಷ್ಠ 1.8 ಮೀಟರ್ ಅಗಲ, 2.2 ಮೀಟರ್ ಎತ್ತರದವರೆಗೆ ಯಾವ ಅಡ್ಡಿಯೂ ಇಲ್ಲದೆ ತೆರೆದಿರಬೇಕು. ಅಂದರೆ ಸುಮಾರು ಆರಡಿ ಅಗಲ, ಏಳಡಿಗಿಂತ ಹೆಚ್ಚು ಎತ್ತರ. ಮನೆಯ ಮೆಟ್ಟಿಲಿಗೆ ಇಷ್ಟು ಅಗಲ ಸಿಗಲಾರದು, ಓಣಿಗೆ ಚಾಚಿದ ಗಿಡಕ್ಕೆ ಇದು ಸರಿಯಾದ ಗೆರೆ. ಮಾರ್ಗಸೂಚಿಯಲ್ಲಿ ಇರಲಿ ಬಿಡಲಿ, ಇನ್ನೊಂದು ಎತ್ತರವನ್ನು ನಾವೇ ನೋಡಿಕೊಳ್ಳಬೇಕು. ಐದು ವರ್ಷದ ಮಗುವಿನ ಎತ್ತರ ಸುಮಾರು 110 ಸೆಂಟಿಮೀಟರ್, ಕಣ್ಣು ಇರುವುದು ಹೆಚ್ಚುಕಡಿಮೆ ಒಂದು ಮೀಟರಿನಲ್ಲಿ. ರೇಲಿಂಗಿನ ಎತ್ತರವೂ ಸಾಮಾನ್ಯವಾಗಿ ಅಷ್ಟೇ. ದೊಡ್ಡವರ ಸೊಂಟಕ್ಕೆ ತಾಗುವ ಕುಡಿ ಮಗುವಿನ ಕಣ್ಣಿಗೆ ನೇರ. ಮೆಟ್ಟಿಲ ಮೇಲೆ ಒಮ್ಮೆ ಕುಕ್ಕರುಗಾಲಿನಲ್ಲಿ ಕೂತು ನೋಡಿದರೆ, ನಿಂತಾಗ ಕಾಣದ ಕುಡಿಗಳೆಲ್ಲ ಕಾಣುತ್ತವೆ.

ಇನ್ನು ಕತ್ತರಿ. ದ್ರಾಕ್ಷಿ ಬೆಳೆಯುವವರು ಚಾಟ್ನಿ ಎನ್ನುವ ಕೆಲಸ ಗುಲಾಬಿಗೂ ಬೇಕು. ಇಂಗ್ಲೆಂಡಿನ ತೋಟಗಾರಿಕೆ ಪುಸ್ತಕಗಳು ಚಳಿಗಾಲದ ಕೊನೆಗೆ ಕತ್ತರಿಸಲು ಹೇಳುತ್ತವೆ. ಅಲ್ಲಿ ಗಿಡ ಹಿಮದಲ್ಲಿ ಎಲೆಯುದುರಿಸಿ ನಿದ್ರೆಗೆ ಹೋಗುತ್ತದೆ. ನಮ್ಮಲ್ಲಿ ಗುಲಾಬಿಗೆ ಅಂಥ ನಿದ್ರೆಯಿಲ್ಲ. ಮಳೆಗಾಲದ ಬೆಳವಣಿಗೆ ಮುಗಿದು ಹವೆ ಒಣಗುವ ಅಕ್ಟೋಬರ್ ನಮಗೆ ಸರಿಯಾದ ತಿಂಗಳು. ಪೊದೆಗುಲಾಬಿಯಂತೆ ಎಲ್ಲವನ್ನೂ ಮೊಣಕಾಲೆತ್ತರಕ್ಕೆ ಸವರಬಾರದು. ಅತಿ ಹಳೆಯ, ಬೂದು ಬಣ್ಣಕ್ಕೆ ತಿರುಗಿದ ಒಂದೆರಡು ಕೊಂಬೆಗಳನ್ನು ಬುಡದಿಂದ ತೆಗೆದು, ಆ ಜಾಗಕ್ಕೆ ಹೊಸದನ್ನು ಮಲಗಿಸಿ, ಪಕ್ಕದ ಕುಡಿಗಳನ್ನು ಎರಡು ಮೂರು ಮೊಗ್ಗಿಗೆ ಗಿಡ್ಡ ಮಾಡಬೇಕು. ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿದರೆ ತುದಿಯಿಂದ ಒಣಗುತ್ತ ಬರುವ ರೋಗ ತಡೆಯುತ್ತದೆ.

ಎಲ್ಲಿ ಕತ್ತರಿಸಿದಿರಿ ಎಂಬುದು ಮುಂದಿನ ಕುಡಿಯ ದಿಕ್ಕನ್ನು ತೀರ್ಮಾನಿಸುತ್ತದೆ. ಗುಲಾಬಿಯ ಎಲೆಗಳು ಕಾಂಡದ ಸುತ್ತ ಸುರುಳಿಯಾಗಿ ಕೂತಿರುತ್ತವೆ. ಎರಡು ಸುತ್ತು ಮುಗಿಯುವಾಗ ಐದು ಎಲೆ, ಆರನೆಯದು ಮೊದಲನೆಯದರ ನೇರಕ್ಕೆ. ಅಂದರೆ ಅಕ್ಕಪಕ್ಕದ ಐದು ಗೆಣ್ಣುಗಳು ಐದು ದಿಕ್ಕು ನೋಡುತ್ತವೆ. ಅವುಗಳಲ್ಲಿ ದಾರಿಗೆ ಬೆನ್ನು ಮಾಡಿದ್ದು ಒಂದಾದರೂ ಇದ್ದೇ ಇರುತ್ತದೆ. ಅದರ ಮೇಲೆ ಕಾಲಿಂಚು ಬಿಟ್ಟು ಓರೆಯಾಗಿ ಕತ್ತರಿಸಿದರೆ ಹೊಸ ಕುಡಿ ಆ ಕಡೆಗೇ ಹೊರಡುತ್ತದೆ. ಕುಡಗೋಲಿನಿಂದ ಸಿಕ್ಕಲ್ಲಿ ಬಡಿದವರಿಗೆ ಈ ಆಯ್ಕೆ ಸಿಗುವುದಿಲ್ಲ.

ನಮ್ಮೂರುಗಳಲ್ಲಿ ಬಳ್ಳಿಗುಲಾಬಿ ಎಂದು ಬೆಳೆಸುತ್ತಿರುವ ಗಿಡಗಳಲ್ಲಿ ಕೆಲವು ಬಳ್ಳಿಗುಲಾಬಿಗಳೇ ಅಲ್ಲ. ನರ್ಸರಿಯಿಂದ ತಂದದ್ದು ಕಸಿಗಿಡ. ಕೆಳಗೆ ಒಂದು ಕಾಡುಗುಲಾಬಿಯ ಬೇರು, ಮೇಲೆ ಹೂಗುಲಾಬಿಯ ಕಣ್ಣು. ಕಸಿಯ ಗಂಟಿನ ಕೆಳಗಿಂದ ಹೊರಡುವ ಕುಡಿ ಬೇರಿನ ಗಿಡದ್ದು. ಅದು ಉದ್ದಕ್ಕೆ ಚಾಟಿಯಂತೆ ಬೆಳೆಯುತ್ತದೆ, ಎಲೆ ಸಣ್ಣದು, ಹೂ ಚಿಕ್ಕದು ಅಥವಾ ಇಲ್ಲವೇ ಇಲ್ಲ. ತಂದ ಗುಲಾಬಿ ಸೊರಗಿ ಸಾಯುತ್ತದೆ, ಮನೆಯವರು ಮಾತ್ರ ಗಿಡ ಚೆನ್ನಾಗಿ ಹಬ್ಬಿತು ಎಂದುಕೊಂಡಿರುತ್ತಾರೆ. ಗಂಟಿನ ಕೆಳಗಿನ ಕುಡಿಯನ್ನು ಕಂಡ ಕೂಡಲೇ, ಮಣ್ಣು ಸರಿಸಿ, ಬುಡದಿಂದಲೇ ಕಿತ್ತು ತೆಗೆಯಬೇಕು. ಈ ಬಗ್ಗೆ ಸಂದೇಹವಿದ್ದರೆ ಹತ್ತಿರದ ಅರಭಾವಿಯಲ್ಲೇ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯವಿದೆ. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಸೇರಿದ ಈ ಕಾಲೇಜು ಇಷ್ಟು ಹತ್ತಿರ ಇರುವುದು ಕಲ್ಲೋಳಿಯವರ ಭಾಗ್ಯ. ಒಂದು ಟಿಸಿಲು ಕಿತ್ತುಕೊಂಡು ಹೋಗಿ ತೋರಿಸಿ ಕೇಳಬಹುದು.

ಗಾಯವನ್ನು ಹಗುರವಾಗಿ ಎಣಿಸಬೇಡಿ. ಮುಳ್ಳಿನಲ್ಲಿ ವಿಷವಿಲ್ಲ, ನಿಜ. ಆದರೆ ಗೊಬ್ಬರ, ಮಣ್ಣು ಮೆತ್ತಿದ ಮುಳ್ಳು ಸೂಜಿಯ ಕೆಲಸ ಮಾಡುತ್ತದೆ. ಧನುರ್ವಾಯುವಿನ ಬೀಜಕಣ ಇರುವುದು ಮಣ್ಣು ಸಗಣಿಗಳಲ್ಲೇ. ಸ್ಪೊರೊಥ್ರಿಕ್ಸ್ ಎಂಬ ಬೂಷ್ಟು ಮಣ್ಣಿನಲ್ಲಿ, ಕೊಳೆತ ಎಲೆಯಲ್ಲಿ ಬದುಕುತ್ತದೆ. 1898ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಬೆಂಜಮಿನ್ ಶೆಂಕ್ ಮೊದಲು ವರ್ಣಿಸಿದ ಈ ಸೋಂಕಿಗೆ ಗುಲಾಬಿ ತೋಟದವರ ರೋಗ ಎಂಬ ಹೆಸರೇ ಇದೆ. ಚುಚ್ಚಿದಲ್ಲಿ ನೋವಿಲ್ಲದ ಗಂಟು ಎದ್ದು, ವಾರಗಳ ನಂತರ ತೋಳಿನ ಗುಂಟ ಸಾಲಾಗಿ ಗಂಟುಗಳು ಮೂಡಿದರೆ ವೈದ್ಯರಿಗೆ ಗುಲಾಬಿ ಚುಚ್ಚಿದ್ದನ್ನು ಹೇಳಬೇಕು, ಗುಣವಾಗುವ ಮದ್ದಿದೆ. ಬೆರಳಿನ ಕೀಲಿನಲ್ಲಿ ಮುಳ್ಳಿನ ಚೂರು ಉಳಿದರೆ ತಿಂಗಳುಗಟ್ಟಲೆ ಊದಿಕೊಂಡಿರಬಹುದು. ಯಾವ ಗಾಯವಾದರೂ ಸಾಬೂನು ನೀರಿನಲ್ಲಿ ತೊಳೆದು, ಚಿಮಟಾದಿಂದ ಚೂರು ತೆಗೆದು, ಧನುರ್ವಾಯು ಲಸಿಕೆ ಯಾವಾಗ ಆಗಿತ್ತು ನೋಡಿಕೊಳ್ಳಿ. ಮಣ್ಣು ಸೇರಿದ ಗಾಯಕ್ಕೆ, ಐದು ವರ್ಷ ದಾಟಿದ್ದರೆ, ಮತ್ತೊಂದು ಚುಚ್ಚುಮದ್ದು ಬೇಕು.

ಕಣ್ಣಿಗೆ ತಗುಲಿದರೆ ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಬೇಕು. ಕಬ್ಬಿನ ರವದಿ ಕಣ್ಣಿಗೆ ಗೀರಿ ಕರಿಗುಡ್ಡೆಯ ಮೇಲೆ ಹುಣ್ಣಾದವರನ್ನು ನಮ್ಮ ಸೀಮೆಯಲ್ಲಿ ಎಲ್ಲರೂ ಕಂಡಿದ್ದಾರೆ. ಗಿಡದ ಚೂರಿನಿಂದಾಗುವ ಇಂಥ ಹುಣ್ಣಿನಲ್ಲಿ ಬೂಷ್ಟು ಸೇರಿಕೊಳ್ಳುತ್ತದೆ. ಎದೆಹಾಲು, ಹರಳೆಣ್ಣೆ ಹಾಕಬೇಡಿ. ಔಷಧದಂಗಡಿಯಲ್ಲಿ ಕೇಳಿ ತಂದ ಸ್ಟಿರಾಯ್ಡ್ ಹನಿಯಂತೂ ಖಂಡಿತ ಬೇಡ, ಅದು ಬೂಷ್ಟಿನ ಬೆಳವಣಿಗೆಗೆ ದಾರಿ ಮಾಡಿಕೊಟ್ಟು ದೃಷ್ಟಿಯನ್ನೇ ಕಳೆಯಬಹುದು.

ಮುಳ್ಳಿಲ್ಲದ ಗುಲಾಬಿ ಇಲ್ಲವೇ ಎಂದು ಕೇಳುವವರಿದ್ದಾರೆ. ಇದೆ. ಚೀನಾದ ಬ್ಯಾಂಕ್ಸಿಯಾ ಗುಲಾಬಿಗೆ ಮುಳ್ಳಿಲ್ಲ. ಅಮೆರಿಕದ ಅರಿಜೋನಾದ ಟೂಂಬ್‌ಸ್ಟೋನ್ ಊರಿನಲ್ಲಿ 1885ರಲ್ಲಿ ನೆಟ್ಟ ಒಂದೇ ಬ್ಯಾಂಕ್ಸಿಯಾ ಗಿಡ ಇಂದಿಗೂ ದೊಡ್ಡ ಹಂದರವನ್ನೇ ಮುಚ್ಚಿ ನಿಂತಿದೆ. ಆದರೆ ಅದು ಚಳಿ ಉಂಡು ವಸಂತದಲ್ಲಿ ಹೂಬಿಡುವ ಗಿಡ, ನಮ್ಮ ಬಯಲುಸೀಮೆಗೆ ಹೇಳಿದ್ದಲ್ಲ. ಫ್ರಾನ್ಸಿನಲ್ಲಿ 1868ರಲ್ಲಿ ಬಂದ ಜೆಫಿರಿನ್ ದ್ರೂಯಾಂ ಎಂಬ ಗುಲಾಬಿಗೂ ಮುಳ್ಳಿಲ್ಲ. ಗುಲಾಬಿಯ ಬದಲಿಗೆ ಕಾಗದದ ಹೂ ಹಚ್ಚುವುದು ಪರಿಹಾರವಲ್ಲ. ಅದರ ಮುಳ್ಳು ಕಟ್ಟಿಗೆಯದು, ಗಟ್ಟಿ, ಆಳ ಹೋಗುತ್ತದೆ. ರಂಗೂನ್ ಬಳ್ಳಿ ಮೆತ್ತಗೆ ಕಂಡರೂ ಎಲೆ ಉದುರಿದ ಮೇಲೆ ಉಳಿಯುವ ತೊಟ್ಟಿನ ಬುಡವೇ ಗಟ್ಟಿಯಾಗಿ ಕೊಕ್ಕೆಯಾಗುತ್ತದೆ. ಮುಳ್ಳೇ ಬೇಡ ಎನ್ನುವವರಿಗೆ ಜಾಜಿ, ಮಲ್ಲಿಗೆ ಇವೆ, ಪರಿಮಳವೂ ಇದೆ.

ಶಾಲೆಯ ಗೇಟು, ಆಸ್ಪತ್ರೆಯ ಮೆಟ್ಟಿಲು, ಶನಿವಾರ ಜನ ಸೇರುವ ಗುಡಿಯ ದಾರಿ, ಬಸ್ ನಿಲ್ದಾಣ, ಈ ಜಾಗಗಳಲ್ಲಿ ಮುಳ್ಳಿನ ಗಿಡ ಹಬ್ಬಿಸಲೇಬಾರದು. ವಾರಕ್ಕೊಮ್ಮೆ ಕುಡಿ ನೋಡುವವರು ಅಲ್ಲಿ ಇರುವುದಿಲ್ಲ. ಮನೆಯ ಮೆಟ್ಟಿಲಿಗೆ ಹಬ್ಬಿಸಬಹುದು, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ವಾರ ಒಬ್ಬರು ಸುತಳಿ ಹಿಡಿದು ಬರುತ್ತೇನೆ ಎನ್ನುವಂತಿದ್ದರೆ ಮಾತ್ರ. ಅಂಥವರು ನಿಮ್ಮ ಮನೆಯಲ್ಲಿ ಇಲ್ಲವಾದರೆ ಗುಲಾಬಿಯನ್ನು ಮೆಟ್ಟಿಲಿನಿಂದ ದೂರ, ಹಿತ್ತಿಲಿನ ಬೇಲಿಗೆ ಹಚ್ಚಿ.